ಮೂರು ಏಟು, ಆಮೇಲೆ ತಟ್ಟೆ

ಇನ್ನೊಂದು ದಿನ ಸುಮ್ಮನಿದ್ದರೆ ಏನು ಗಂಟು ಹೋಗುತ್ತದೆ? ಪೂರ್ತಿ ಒಂದು ದಿನವೂ ಅಲ್ಲ, ಸಂಜೆಯವರೆಗೆ. ಸಂಜೆ ಆರಕ್ಕೆ ಮೂರು ದಿನ ತುಂಬುತ್ತದೆ. ಹೊಸ ಮನೆಯಲ್ಲಿ ಮೂರು ದಿನ ಏನೂ ತಿನ್ನದ ನಾಯಿಯನ್ನು ಮೊದಲು ಸಾಕಿದ ಮನೆಗೇ ಮರಳಿಸಬೇಕೆಂಬುದು ಡಾಕ್ಟರಮ್ಮ ಮಾಡಿದ ಕಟ್ಟಳೆ, ಅವನು ಮಾಡಿದ್ದಲ್ಲ. ಅವನು ಯಾರಿಗೂ ಸುಳ್ಳು ಹೇಳುತ್ತಿಲ್ಲ. ಸುಮ್ಮನಿದ್ದಾನೆ, ಅಷ್ಟೆ. ಸುಮ್ಮನಿರುವುದೂ ಸುಳ್ಳು ಹೇಳಿದ ಲೆಕ್ಕವೇ? ಹಾಗಾದರೆ ಅವನು ಹುಟ್ಟಿದಾಗಿನಿಂದಲೂ ಸುಳ್ಳುಗಾರನೇ ಸರಿ.

ಸೋಫಾ ರಿಪೇರಿಯವನು ಕ್ಷೌರದಂಗಡಿಯ ಕುರ್ಚಿಯೊಂದನ್ನು ಮಗುಚಿ ಹಾಕಿಕೊಂಡು, ಅದರ ತಳಕ್ಕೆ ಗೋಣಿಪಟ್ಟಿ ಎಳೆದು ಬಿಗಿಯುತ್ತ, ಬೆಳಗಿನಿಂದ ಹೀಗೆ ತನ್ನೊಳಗೇ ಜಗ್ಗಾಡುತ್ತಿದ್ದ. ಬಾಯಲ್ಲಿ ಐದಾರು ಸಣ್ಣ ಮೊಳೆಗಳಿದ್ದವು. ಅದು ಅವನ ಕಸುಬಿನವರ ರೂಢಿ. ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಸುತ್ತಿಗೆ, ಮೊಳೆ ಹಿಡಿಯಲು ಮೂರನೆಯ ಕೈ ಇಲ್ಲವಾದ್ದರಿಂದ ತುಟಿ. ಮೂವತ್ತು ವರ್ಷಗಳಲ್ಲಿ ಈ ರೂಢಿ ಅವನಿಗೆ ಇನ್ನೊಂದು ಉಪಕಾರವನ್ನೂ ಮಾಡಿತ್ತು. ಮೊಳೆ ಕಚ್ಚಿಕೊಂಡವನನ್ನು ಯಾರೂ ಮಾತಿಗೆ ಎಳೆಯುವುದಿಲ್ಲ. ತಲೆ ತಿನ್ನುವ ಗಿರಾಕಿ ಬಂದರೆ, ಕುಶಲ ಕೇಳುವ ನೆಂಟರು ಬಂದರೆ, ಉತ್ತರ ಹೊಳೆಯದ ಪ್ರಶ್ನೆ ಬಂದರೆ, ಅವನ ಕೈ ತಾನಾಗಿ ಮೊಳೆಯ ಡಬ್ಬಿಗೆ ಹೋಗುತ್ತಿತ್ತು. "ಇವರು ಇಷ್ಟು ವರ್ಷ ಬಾಯಲ್ಲಿಟ್ಕೊಂಡ ಕಬ್ಬಿಣ ಕರಗಿಸಿದ್ರೆ ಮನೆಗೊಂದು ಗೇಟು ಆಗ್ತಿತ್ತು" ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು.

ನಾಯಿಗಳ ಸಹವಾಸ ಅವನಿಗೆ ಅಂಟಿಕೊಂಡದ್ದು ಒಂದು ಬೆಂಚಿನ ದೆಸೆಯಿಂದ. ಪಶುವೈದ್ಯೆಯೊಬ್ಬಳು ತನ್ನ ಚಿಕಿತ್ಸಾಲಯದ ಹರಿದ ಬೆಂಚನ್ನು ರಿಪೇರಿಗೆ ತಂದಳು. ಜೊತೆಗೆ ಗಾಡಿಯಲ್ಲಿ ಕಾಲು ಮುರಿದ ಮರಿಯೊಂದಿತ್ತು. ಬೀದಿಯಲ್ಲಿ ಬಿದ್ದ, ಯಾರೋ ಕಟ್ಟಿಹಾಕಿ ಬಿಟ್ಟುಹೋದ ನಾಯಿಗಳನ್ನು ತಂದು ಗುಣ ಮಾಡಿ, ಒಳ್ಳೆಯ ಮನೆ ಸಿಗುವವರೆಗೆ ನಂಬಿಕೆಯ ನಾಲ್ಕಾರು ಮನೆಗಳಲ್ಲಿ ಇರಿಸುವುದು ಅವಳ ಕ್ರಮ. ಬೆಂಚಿನ ಅಳತೆ ತೆಗೆಯುವಷ್ಟರಲ್ಲಿ ಮರಿ ಇವನ ಫೋಮಿನ ರಾಶಿಯ ಮೇಲೆ ಮಲಗಿ ನಿದ್ದೆ ಹೋಗಿತ್ತು. "ಹದಿನೈದು ದಿನ ಇಟ್ಕೊಳ್ತೀರಾ?" ಎಂದು ಡಾಕ್ಟರಮ್ಮ ಕೇಳಿದಳು. ಅವನ ಬಾಯಲ್ಲಿ ಮೊಳೆಯಿತ್ತು. ಬೇಡವೆನ್ನಲು ಆಗಲಿಲ್ಲ. ಹಾಗೆ ಶುರುವಾದದ್ದು. ಐದು ವರ್ಷದಲ್ಲಿ ಎಂಟು ನಾಯಿ ಬಂದವು, ಎಂಟೂ ಹೋದವು.

ಬರುವುದು ಸುಲಭ, ಹೋಗುವುದೇ ಕಷ್ಟ. ಒಂದೊಂದು ಹೋದಾಗಲೂ ಅವನಿಗೆ ಎರಡು ದಿನ ಕೈ ಓಡುತ್ತಿರಲಿಲ್ಲ. ಒಮ್ಮೆ ಮೂವರು ಕೂರುವ ಸೋಫಾಕ್ಕೆ ಇಬ್ಬರಿಗಾಗುವ ರೆಕ್ಸಿನ್ ಕತ್ತರಿಸಿ ಕುಳಿತಿದ್ದ. ಅದನ್ನು ನೋಡಿಯೇ ಹೆಂಡತಿ ಮನೆಯಲ್ಲಿ ಒಂದು ನಿಯಮ ತಂದಳು: ಬಂದ ನಾಯಿಗೆ ಹೆಸರಿಡಕೂಡದು. ಅವಳು ಹೆರಿಗೆ ಆಸ್ಪತ್ರೆಯಲ್ಲಿ ನರ್ಸು.

"ದಿನಾ ನಾಲ್ಕು ಮಗೂನ ಎತ್ಕೊಂಡು ಹೋಗಿ ಅವರವರ ಮನೆಯವರ ಕೈಗೆ ಕೊಟ್ಟು ಬರ್ತೀನಿ. ಒಂದಕ್ಕಾದ್ರೂ ಹೆಸರಿಡ್ತೀನಾ? ಹೆಸರಿಟ್ರೆ ಮುಗೀತು ಕಥೆ. ಬಿಟ್ಟು ಬರೋಕೆ ಕಾಲೇ ಬರಲ್ಲ."

"ಮತ್ತೆ ಏನಂತ ಕರೆಯೋದು?"

"ನನ್ನನ್ನ ಮದುವೆಯಾಗಿ ಮೂರು ವರ್ಷ ಏನಂತ ಕರೀತಿದ್ರಿ? 'ಏ ಇವಳೇ' ಅಂತ ತಾನೆ? ಹಾಗೇ ಕರೀರಿ."

ಸರಿ, ನಾಯಿಗಳೆಲ್ಲ 'ಇವನೇ', 'ಇವಳೇ' ಆದವು. 

ಒಂಬತ್ತನೆಯವನು ಬಂದದ್ದು ಮೂರು ತಿಂಗಳ ಹಿಂದೆ. ಮುಚ್ಚಿಹೋದ ಗೋದಾಮೊಂದರಲ್ಲಿ ಸಿಕ್ಕವನು. ಕಂದು ಮೈ, ಒಂದು ಕಿವಿಯ ತುದಿ ಇಲ್ಲ, ಎದೆಯ ಮೇಲೆ ಯಾರೋ ಸುಣ್ಣದ ಕೈ ಒರೆಸಿದ ಹಾಗೆ ಬಿಳಿ ಮಚ್ಚೆ. ಕಚ್ಚುವವನಲ್ಲ, ಬೊಗಳುವವನೂ ಅಲ್ಲ. ಆದರೆ ಸದ್ದಿಗೆ ಹೆದರುತ್ತಿದ್ದ. ಸುತ್ತಿಗೆಯ ಮೊದಲ ಏಟಿಗೇ ಫೋಮಿನ ರಾಶಿಯ ಹಿಂದೆ ನುಸುಳಿ, ಗೋಡೆಗೆ ಮೂಗು ಒತ್ತಿ, ಗಡಗಡ ನಡುಗುತ್ತ ನಿಂತುಬಿಡುತ್ತಿದ್ದ. ಸೋಫಾ ರಿಪೇರಿಯವನ ಮನೆಯಲ್ಲಿ ಸುತ್ತಿಗೆಗೆ ಹೆದರುವ ನಾಯಿ! ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಒಂದು ಪರದೆ. ಓಡಿಹೋಗಲು ಜಾಗವಾದರೂ ಎಲ್ಲಿದೆ?

"ವಾಪಸ್ ಕಳಿಸಿಬಿಡೋಣ ರೀ. ಪಾಪ, ಇಲ್ಲಿದ್ರೆ ಎದೆ ಒಡ್ಕೊಂಡು ಸತ್ತುಹೋಗುತ್ತೆ" ಎಂದಳು ಹೆಂಡತಿ.

ಅವನು ಸುತ್ತಿಗೆಯ ತಲೆಗೆ ಹಳೆಯ ಉಣ್ಣೆ ಬಟ್ಟೆಯನ್ನು ಮೂರು ಸುತ್ತು ಸುತ್ತಿ ದಾರ ಕಟ್ಟಿದ. ನಾಯಿಗಳ ಊಟ ಅವನ ಪಾಲಿನ ಕೆಲಸ. ಅನ್ನ, ಬೇಯಿಸಿದ ಮೊಟ್ಟೆ ಕಲಸಿ ತಟ್ಟೆಗೆ ಹಾಕಿ, ಕೆಳಗಿಡುವ ಮೊದಲು ಪಕ್ಕದಲ್ಲಿದ್ದ ಕುರ್ಚಿಯ ಕಾಲಿಗೆ ಮೂರು ಸಲ ಮೆತ್ತಗೆ ಕುಟ್ಟಿದ. ಆಮೇಲೆ ತಟ್ಟೆ ಇಟ್ಟು ಎದ್ದುಹೋದ. ಮರುದಿನವೂ ಹಾಗೆಯೇ. ವಾರಕ್ಕೊಂದು ಸುತ್ತು ಬಟ್ಟೆ ಬಿಚ್ಚಿದ. ನಾಲ್ಕನೆಯ ವಾರ ಬರಿಯ ಕಬ್ಬಿಣ ಮರಕ್ಕೆ ಬಡಿದಾಗ, ನಾಯಿ ಓಡಿ ಬಂದದ್ದು ತಟ್ಟೆಯ ಕಡೆಗೆ. ಮೂರು ಏಟು, ಆಮೇಲೆ ತಟ್ಟೆ. ಒಂದು ಹೊಡೆದು, ಮೊಳೆ ನೆಟ್ಟಗೆ ಕೂತಿದೆಯೇ ಎಂದು ನೋಡುವಷ್ಟು ಹೊತ್ತು ಬಿಟ್ಟು, ಇನ್ನೊಂದು. ಮತ್ತೆ ಅಷ್ಟೇ ಹೊತ್ತು ಬಿಟ್ಟು ಕೊನೆಯದು. ಅವನ ಕೈಗೆ ಬೇರೆ ತಾಳವೇ ಗೊತ್ತಿರಲಿಲ್ಲ. ಆಮೇಲಾಮೇಲೆ, ಕುಟ್ಟುತ್ತಿದ್ದೇನೆ ಎಂಬುದೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಕಣ್ಣು ಮಿಟುಕಿಸಿದ್ದನ್ನು ಯಾರು ಎಣಿಸುತ್ತಾರೆ?

ಆ ಮೇಲಿನ ಎರಡು ತಿಂಗಳು ಚೆನ್ನಾಗಿದ್ದವು. ಅವನು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದರೆ ನಾಯಿ ಮೊದಲು ಹೊರಗೆ ಹೋಗಿ ಬೀದಿಯ ಎರಡೂ ಕಡೆ ನೋಡಿ, ಮಾಲೀಕನ ಗತ್ತಿನಲ್ಲಿ ಒಳಗೆ ಬಂದು ಕೂರುತ್ತಿತ್ತು. ಕೆಳಗೆ ಬಿದ್ದ ಮೊಳೆಯನ್ನು ಮೂಸಿ ತೋರಿಸುತ್ತಿತ್ತು, ಎತ್ತಿಕೊಡುತ್ತಿರಲಿಲ್ಲ. ಅವನು ಹೆಂಡತಿಯನ್ನು ಹಳೆಯ ಅಭ್ಯಾಸದಲ್ಲಿ "ಏ ಇವಳೇ" ಎಂದರೆ ಅದೂ ತಲೆ ಎತ್ತುತ್ತಿತ್ತು. ಮಾತಾಡದ ಇಬ್ಬರು ಗಂಡಸರು ಒಂದೇ ಕೋಣೆಯಲ್ಲಿ ಕೆಲಸ ಮಾಡಿದ ಹಾಗಿತ್ತು. ಅವನಿಗೆ ಬೇರೆ ಯಾರ ಜೊತೆಯೂ ಅಷ್ಟು ಹೊತ್ತು ಸುಮ್ಮನೆ ಕೂರಲು ಆಗಿರಲಿಲ್ಲ. ಈ ಒಂದನ್ನು ಇಟ್ಟುಕೊಂಡುಬಿಡೋಣ ಎಂಬ ಮಾತು ಹಲವು ಸಲ ತುಟಿಯವರೆಗೆ ಬಂದಿತ್ತು. ತುಟಿಯಲ್ಲಿ ಜಾಗವಿರಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮ ಮನೆ ಹುಡುಕಿದಳು. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಹೆಂಗಸು. ಗಂಡ ಹಡಗಿನಲ್ಲಿ ಅಡುಗೆಯವನು, ಆರು ತಿಂಗಳಿಗೊಮ್ಮೆ ಬರುತ್ತಾನೆ. ಮನೆಯಲ್ಲಿ ಅವಳೂ ಮಾವನೂ ಇಬ್ಬರೇ. ಮಾವ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಮೂರು ದಿನದ ಹಿಂದೆ ಇಬ್ಬರೂ ನಾಯಿಯನ್ನು ಕರೆದೊಯ್ಯಲು ಬಂದಾಗ, ಮೇಷ್ಟ್ರು ಅಂಗಡಿಯ ಬಾಗಿಲಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತು, ಒಳಗೆ ಬರಲೂ ಒಪ್ಪಲಿಲ್ಲ.

"ನಾನು ಮೊದಲೇ ಹೇಳಿಬಿಡ್ತೀನಿ. ನಂಗೆ ಈ ನಾಯಿಗೀಯಿ ಆಗಲ್ಲ. ಇದೆಲ್ಲ ಸೊಸೆ ಹಠ."

"ಮಾವ, ಮನೇಲಿ ನೀವೊಬ್ರೇ ಇರ್ತೀರಲ್ಲ ಅಂತ ತಾನೆ..."

"ನಾನು ಒಬ್ಬನೇ ಇದ್ರೆ ನಿಂಗೇನಮ್ಮ ಕಷ್ಟ? ನಾನೇನು ಒಂಟಿ ಬಿಟ್ಟ ಮರಿ ಹಾಗೆ ಹೊಸ್ತಿಲು ಕಡೀತೀನಾ?"

ಹೆಂಡತಿ ನಕ್ಕುಬಿಟ್ಟಳು. ಸೋಫಾ ರಿಪೇರಿಯವನು ಎರಡು ಹಾಳೆಯ ಚೀಟಿಯನ್ನು ಸೊಸೆಯ ಕೈಗೆ ಕೊಟ್ಟ. ಕಳಿಸುವ ನಾಯಿಯ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆದುಕೊಡಬೇಕೆಂಬುದು ಡಾಕ್ಟರಮ್ಮನ ಇನ್ನೊಂದು ಕಟ್ಟಳೆ. ಮಾತಿನಲ್ಲಿ ಜಿಪುಣನಾದ ಅವನು ಈ ಚೀಟಿಯಲ್ಲಿ ಮಾತ್ರ ಧಾರಾಳಿ. ಎಷ್ಟು ಹೊತ್ತಿಗೆ ಊಟ, ಕೊಡೆ ಬಿಚ್ಚಿದರೆ ಹೆದರುತ್ತಾನೆ, ಬಲಗಿವಿಯ ಹಿಂದೆ ಕೆರೆದರೆ ಕಣ್ಣು ಮುಚ್ಚುತ್ತಾನೆ, ಮೊಟ್ಟೆಯ ಹಳದಿ ಬೇರೆ ಮಾಡಿ ಕೊಟ್ಟರೆ ಮುನಿಯುತ್ತಾನೆ, ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದಿದ್ದ. ನಾಯಿ ಬಾಡಿಗೆಯ ಗಾಡಿ ಕಂಡದ್ದೇ ತಡ, ಬಾಲ ಆಡಿಸುತ್ತ ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು ಕೂತಿತು. ಅದಕ್ಕೆ ಗಾಡಿಯೆಂದರೆ ಪ್ರಾಣ. ಒಂದು ಸಲವೂ ಹಿಂದಿರುಗಿ ನೋಡಲಿಲ್ಲ.

ಅದೇ ಅವನಿಗೆ ಹೆಚ್ಚು ನಾಟಿತು.

ಮೊದಲ ದಿನ ಸಂಜೆ ಸೊಸೆ ಫೋನು ಮಾಡಿದಳು. "ಅಣ್ಣಾ, ತಟ್ಟೆ ಮುಟ್ತಾನೇ ಇಲ್ಲ." ಹೊಸ ಜಾಗವಲ್ಲವೇ, ನಾಳೆ ತಿಂತಾನೆ ಬಿಡಮ್ಮ ಎಂದ. ಹಾಗೆಂದೇ ನಂಬಿಯೂ ಇದ್ದ. ಎರಡನೆಯ ದಿನ ಸಂಜೆ ಮತ್ತೆ ಬಂತು ಫೋನು. ಚೀಟಿಯಲ್ಲಿದ್ದ ಹಾಗೆಯೇ ಎಲ್ಲ ಮಾಡಿದೆವು, ಮೊಟ್ಟೆ ಹಳದಿ ಸಮೇತ ಹಾಕಿದೆವು, ಮಾವ ಸೀಟಿ ಊದಿಯೂ ನೋಡಿದರು, ತಟ್ಟೆಯ ಮುಂದೆ ಕೂತು ನಮ್ಮ ಮುಖವನ್ನೇ ನೋಡುತ್ತಾನೆ, ನೀರು ಬಿಟ್ಟರೆ ಏನೂ ಇಲ್ಲ, ಡಾಕ್ಟರಮ್ಮ ನಾಳೆ ಸಂಜೆವರೆಗೆ ನೋಡೋಣ ಎಂದಿದ್ದಾರೆ, ಎಂದು ಒಂದೇ ಉಸಿರಿಗೆ ಹೇಳಿದಳು. "ನೋಡೋಣಮ್ಮ" ಎಂದು ಫೋನು ಕೆಳಗಿಟ್ಟ. ಕ್ಷೌರದಂಗಡಿಯ ಕುರ್ಚಿಯ ಕೀಲು ಸಡಿಲವಾಗಿದೆಯೇ ಎಂದು ನೋಡಲು ಸುತ್ತಿಗೆಯಿಂದ ಮೂರು ಸಲ ಕುಟ್ಟಿದ. ಕುಟ್ಟಿದ ಕೂಡಲೇ ಅವನ ಎಡಗಾಲು ತಾನಾಗಿ ಒಂದು ಗೇಣು ಪಕ್ಕಕ್ಕೆ ಸರಿಯಿತು, ಯಾರೋ ಓಡಿಬಂದು ಅಲ್ಲಿ ತಟ್ಟೆಗೆ ಬಾಯಿ ಹಾಕುವವರಿದ್ದ ಹಾಗೆ.

ಅವನು ಆ ಕಾಲನ್ನು ನೋಡುತ್ತ ನಿಂತ. ಚೀಟಿಯ ಎರಡೂ ಹಾಳೆಗಳನ್ನು ಮನಸ್ಸಿನಲ್ಲೇ ಓದಿದ. ಎಲ್ಲವೂ ಇತ್ತು. ಅದೊಂದು ಇರಲಿಲ್ಲ. ಪಾಪ, ನಾಯಿ ಅಲ್ಲಿ ಹಸಿದುಕೊಂಡು ಕೂತಿರುವುದು ಮುನಿಸಿನಿಂದಲ್ಲ. ತಿನ್ನು ಎಂದು ಅವನಿಗೆ ಇನ್ನೂ ಯಾರೂ ಹೇಳಿಯೇ ಇಲ್ಲ.

ಫೋನು ಕೈಗೆಟಕುವಷ್ಟು ದೂರದಲ್ಲಿತ್ತು. ಅವನು ಕೈ ತೊಳೆಯಲು ಹೋದ.

ಈ ದಿನ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಹೆಂಡತಿ ಚಪ್ಪಲಿ ಮೆಟ್ಟುತ್ತ ಕೇಳಿದಳು.

"ತಿಂತಂತಾ?"

"ಇಲ್ಲ."

"ಹಾಗಾದ್ರೆ ಸಂಜೆ ಬರುತ್ತೆ ಅನ್ನಿ." ಅವಳು ಮೂಲೆಯ ಕಡೆ ನೋಡಿದಳು. "ಆಗಲೇ ತಟ್ಟೆ ತೊಳೆದಿಟ್ಟಿದ್ದೀರಿ."

ಅವನು ಮೊಳೆಯ ಡಬ್ಬಿಗೆ ಕೈ ಹಾಕಿದ. ಅವಳು ಹೊರಟುಹೋದಳು.

ಹತ್ತು ಗಂಟೆಗೆ ಕ್ಷೌರಿಕ ಬಂದ. ತನ್ನ ಕುರ್ಚಿ ಅಂಗಾತ ಬಿದ್ದಿರುವುದನ್ನು ನೋಡಿ ಹಣೆ ಚಚ್ಚಿಕೊಂಡ.

"ಅಣ್ಣಾ, ಇನ್ನೂ ಇದರ ಹೊಟ್ಟೆ ಬಗೀತಾನೇ ಇದ್ದೀರಾ? ಅಲ್ಲಿ ಗಿರಾಕಿಗಳನ್ನ ಬಕೆಟ್ ಮೇಲೆ ಕೂರಿಸಿ ಕತ್ತರಿ ಆಡಿಸ್ತಿದ್ದೀನಿ."

"ಹ್ಞೂಂ."

"ಹ್ಞೂಂ ಅಂದ್ರೆ ಇವತ್ತೋ ನಾಳೆಯೋ?"

ಅವನು ಒಂದು ಬೆರಳು ಎತ್ತಿ ಒಳಗಿನ ಗಡಿಯಾರದ ಕಡೆ ತೋರಿಸಿದ. ಒಂದು ಗಂಟೆಗೆ ಎಂದೋ, ಇನ್ನೊಂದು ದಿನ ಎಂದೋ, ಕ್ಷೌರಿಕ ಬೇಕಾದಂತೆ ಅರ್ಥ ಮಾಡಿಕೊಳ್ಳಬಹುದಿತ್ತು.

"ನಾಯಿ ಕೊಟ್ಟು ಮುಖ ನೋಡಿ ಎಷ್ಟು ಉದ್ದ ಆಗಿದೆ! ನಮ್ಮಂಗಡಿ ಕಡೆ ಈ ಮುಖ ತರಬೇಡಿ, ಗಡ್ಡ ಕೆರೆಯೋಕೆ ಎರಡು ಬ್ಲೇಡು ಬೇಕಾಗುತ್ತೆ" ಎಂದು ಹೇಳಿ, ತನ್ನ ಮಾತಿಗೆ ತಾನೇ ನಕ್ಕು, ಕುರ್ಚಿಯ ಕಾಲನ್ನು ರೋಗಿಯ ಕಾಲು ತಟ್ಟುವ ಹಾಗೆ ಒಮ್ಮೆ ತಟ್ಟಿ ಕ್ಷೌರಿಕ ಹೋದ.

ಹೊರಗೆ ಮಾತಾಡದ ಮಾತ್ರಕ್ಕೆ ಒಳಗಿನ ಮಾತು ನಿಲ್ಲುವುದಿಲ್ಲವಲ್ಲ. ಒಂಬತ್ತರಲ್ಲಿ ಒಂದನ್ನು ಇಟ್ಟುಕೊಂಡರೆ ಯಾರ ಗಂಟಲಿಗೆ ಮುಳ್ಳು? ಆ ಮೇಷ್ಟ್ರಿಗೆ ಹೇಗೂ ನಾಯಿ ಬೇಡ. ಸೊಸೆಗೆ ಡಾಕ್ಟರಮ್ಮ ಇನ್ನೊಂದು ಹುಡುಕಿಕೊಡುತ್ತಾಳೆ. ಆದರೆ ಇವನು ಎರಡೂವರೆ ದಿನದಿಂದ ಹಸಿದಿದ್ದಾನೆ. ಗೋದಾಮಿನಲ್ಲಿ ಸಿಕ್ಕಾಗ ಪಕ್ಕೆಲುಬು ಎಣಿಸಬಹುದಾಗಿತ್ತು, ಅದರ ಮೇಲೆ ಮಾಂಸ ಹತ್ತಿಸಲು ತನಗೆ ಮೂರು ತಿಂಗಳು ಹಿಡಿದಿತ್ತು. ಗಡಿಯಾರ ಹನ್ನೆರಡು ತೋರಿಸುತ್ತಿತ್ತು, ಇನ್ನು ಆರೇ ಗಂಟೆ. ಆರು ಗಂಟೆಗೆ ಬಂದು ತಿನ್ನುತ್ತಾನೆ, ಇದೇ ತಟ್ಟೆಯಲ್ಲಿ. ಅವನು ಪಟ್ಟಿಯನ್ನು ಇನ್ನೂ ಬಿಗಿಯಾಗಿ ಎಳೆದ. ಅದು ಕಿತ್ತು ಕೈಗೆ ಬಂತು.

ಆಗ ಫೋನು ಬಡಿದುಕೊಂಡಿತು. ಮೊಳೆಗಳನ್ನು ಉಗುಳುವ ಗೋಜಿಗೆ ಹೋಗದೆ ಕಿವಿಗಿಟ್ಟುಕೊಂಡ.

"ಹಲೋ, ಸೋಫಾದವರಾ? ನಾನು, ಡ್ರಿಲ್ ಮೇಷ್ಟ್ರು."

"ಹ್ಞೂಂ."

"ಸೊಸೆ ಡ್ಯೂಟಿಗೆ ಹೋಗಿದ್ದಾಳೆ. ಅವಳ ಮುಂದೆ ಇದೆಲ್ಲ ಹೇಳೋಕಾಗಲ್ಲ, ಅದಕ್ಕೇ ಈಗ ಮಾಡ್ದೆ." ಗಂಟಲು ಸರಿಮಾಡಿಕೊಂಡರು. "ನೋಡಿ, ನಾನು ನಲವತ್ತು ವರ್ಷ ಮಕ್ಕಳನ್ನ ನೋಡಿದೋನು. ಕೆಲವು ಮಕ್ಕಳು ಹೊಸ ಶಾಲೆಗೆ ಸೇರಿದ್ರೆ ಗೇಟಿನ ಕಡೆಗೇ ಮುಖ ಮಾಡ್ಕೊಂಡು ನಿಂತಿರ್ತವೆ. ಎಷ್ಟು ಸೀಟಿ ಊದಿದ್ರೂ ತಿರುಗಲ್ಲ. ಅಂಥವಕ್ಕೆ ಗದರಬಾರದು. ತಪ್ಪು ಅವುಗಳದ್ದಲ್ಲ. ಇವನೂ ಹಾಗೇನೇ. ಇವನು ನಿಮ್ಮವನು ಕಣ್ರೀ."

ಅವನು ನಾಲಿಗೆಯಿಂದ ಮೊಳೆಯೊಂದನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸಿದ.

"ಸಂಜೆ ನಾವೇ ಕರ್ಕೊಂಡು ಬರ್ತೀವಿ. ಆಮೇಲೆ ಇವನನ್ನ ಇನ್ನೊಂದು ಮನೆ ಅಂತ ಕಳಿಸಬೇಡಿ. ನೀವೇ ಇಟ್ಕೊಂಡುಬಿಡಿ. ಬೇಕಾದ್ರೆ ಡಾಕ್ಟರಮ್ಮಂಗೆ ನಾನೇ ಹೇಳ್ತೀನಿ. ನೆನ್ನೆಯಿಂದ ನಾನೂ ಸರಿಯಾಗಿ ತಿಂದಿಲ್ಲ, ಎದುರಿಗೆ ಹಸ್ಕೊಂಡು ಕೂತಿರೋನ ಮುಂದೆ ಹೇಗೆ ತಿನ್ನೋದು ಹೇಳಿ."

ಎರಡು ತಿಂಗಳಿಂದ ಅವನ ತುಟಿಯ ಹಿಂದೆ ನಿಂತಿದ್ದ ಮಾತು ಬೇರೊಬ್ಬರ ಬಾಯಿಂದ, ಕೇಳದೆಯೇ, ಬಂದು ಮಡಿಲಿಗೆ ಬಿದ್ದಿತ್ತು. ಇನ್ನು ಬರಿಯ ಒಂದು ಹ್ಞೂಂ ಎಂದರೆ ಸಾಕು. ಅದಕ್ಕೆ ಮೊಳೆ ಉಗುಳುವ ಅಗತ್ಯವೂ ಇರಲಿಲ್ಲ.

"ಇನ್ನೊಂದು ವಿಷಯ" ಎಂದರು ಮೇಷ್ಟ್ರು. ಈ ಸಲ ಅವರ ದನಿ ಇಳಿದಿತ್ತು. "ನೆನ್ನೆ ಮಲಗೋಕೆ ಅಂತ ನನ್ನ ಹಳೇ ಸ್ವೆಟರ್ ಹಾಸಿದ್ದೆ. ಅದರ ಮೇಲೆ ಸುತ್ತು ಹಾಕಿ ಮಲಗ್ದ. ನಮ್ಮನೇಲಿ ಅವನು ಒಪ್ಪಿದ್ದು ಅದೊಂದೇ. ಅದನ್ನೂ ಕಳಿಸಿಕೊಡ್ತೀನಿ. ತೊಳೆದು ಕಳಿಸಲಾ, ಹಾಗೇ ಕಳಿಸಲಾ? ತೊಳೆದ್ರೆ ನನ್ನ ವಾಸನೆ ಹೋಗಿಬಿಡುತ್ತೆ. ಅವನಿಗೆ ಯಾವುದು ಒಳ್ಳೇದೋ ನಂಗೆ ಗೊತ್ತಾಗ್ಲಿಲ್ಲ. ನಿಮಗೆ ಗೊತ್ತಿರುತ್ತಲ್ಲ, ಅದಕ್ಕೇ ಕೇಳ್ದೆ."

ಸೋಫಾ ರಿಪೇರಿಯವನು ಅಂಗೈ ಒಡ್ಡಿ ಮೊಳೆಗಳನ್ನೆಲ್ಲ ಉಗುಳಿದ. ಒಂದು ಅಂಗೈಯಿಂದ ಜಾರಿ ಕೆಳಗೆ ಬಿತ್ತು.

"ಮೇಷ್ಟ್ರೇ, ನಿಮ್ಮ ಅಡುಗೆಮನೇಲಿ ಮರದ ಸೌಟು ಇದೆಯಾ?"

"ಏನು?"

"ಮರದ ಸೌಟು. ಇಲ್ಲಾಂದ್ರೆ ಲಟ್ಟಣಿಗೆ ಆದ್ರೂ ಸರಿ."

"ಯಾಕೆ, ಹೊಡೀಬೇಕಾ? ಅದೊಂದು ನನ್ನ ಕೈಲಿ ಆಗಲ್ಲ. ಶಾಲೇಲೂ ಒಂದು ಮಗೂಗೆ ಹೊಡೆದೋನಲ್ಲ ನಾನು."

"ನಾಯಿಗಲ್ಲ ಸ್ವಾಮಿ, ಮರಕ್ಕೆ. ಯಾವುದಾದ್ರೂ ಮರದ ಸಾಮಾನಿಗೆ ಮೂರು ಸಲ ಕುಟ್ಟಿ. ಕುಟ್ಟಿ ಆಮೇಲೆ ತಟ್ಟೆ ಕೆಳಗಿಡಿ. ಅವನಿಗೆ ನಾನು ಹಾಗೆ ಅಭ್ಯಾಸ ಮಾಡಿಸಿಬಿಟ್ಟಿದ್ದೀನಿ. ಕುಟ್ಟೋದು ಕೇಳದೇ ತಿನ್ನಲ್ಲ ಅವನು. ಚೀಟಿಲಿ ಬರೆದಿರಲಿಲ್ಲ."

ಆ ಕಡೆ ಫೋನು ಎಲ್ಲೋ ಕೆಳಗಿಟ್ಟ ಸದ್ದು. ಆಮೇಲೆ ಪಾತ್ರೆಗಳ ನಡುವೆ ಹುಡುಕಾಡಿದ ಸದ್ದು, ಏನೋ ಉರುಳಿಬಿದ್ದ ಸದ್ದು, "ಏನಿಲ್ಲ, ಏನಿಲ್ಲ, ಮುಚ್ಚಳ" ಎಂದು ನಾಯಿಗೆ ಸಮಾಧಾನ ಹೇಳಿದ ಸದ್ದು. ಮತ್ತೆ ಮೇಷ್ಟ್ರು ಬಂದರು.

"ಸೌಟು ಸಿಕ್ತು. ಒಂದು ಕೆಲಸ ಮಾಡಿ, ನಾನು ಸ್ಪೀಕರ್ ಹಾಕ್ತೀನಿ, ನೀವೇ ಅಲ್ಲಿಂದ ಕುಟ್ಟಿಬಿಡಿ. ನಿಮ್ಮ ಕೈ ಅವನಿಗೆ ಗೊತ್ತು."

ಸುತ್ತಿಗೆ ಮಂಡಿಯ ಪಕ್ಕದಲ್ಲೇ ಇತ್ತು. ಅವನು ಅದರ ಹಿಡಿಯ ಮೇಲೆ ಕೈ ಇಟ್ಟ. ಅಲ್ಲಿ ಒಂದು ಮುರುಕು ಕಿವಿ ನೆಟ್ಟಗಾಗುತ್ತದೆ, ಫೋನನ್ನು ಮೂಸುತ್ತದೆ, ಆಮೇಲೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಅಷ್ಟೂ ಕಣ್ಣಿಗೆ ಕಟ್ಟಿತು.

"ಬೇಡ" ಎಂದ. "ನೀವೇ ಕುಟ್ಟಬೇಕು."

ಟಕ್ ಟಕ್ ಟಕ್ ಎಂದು ಕೇಳಿತು.

"ಅದು ತಗಡು ಮೇಷ್ಟ್ರೇ. ಮರ ಅಂದೆ."

"ಫ್ರಿಜ್ಜು ಹತ್ರ ಇತ್ತು ಅಂತ... ತಡೀರಿ." ಮತ್ತೆ ಮೂರು ಸದ್ದು.

"ಅದು ಪ್ಲೈವುಡ್ಡು. ಒಳಗೆ ಟೊಳ್ಳು. ಗಟ್ಟಿ ಮರ ಯಾವುದಿದೆ ನಿಮ್ಮನೇಲಿ?"

"ಫೋನಲ್ಲಿ ಕೂತು ನಮ್ಮನೆ ಬೀರುವಿನ ಮಾನ ಕಳೀತಿದ್ದೀರಲ್ರೀ! ಬಾಗಿಲ ಚೌಕಟ್ಟು ಆಗುತ್ತಾ?"

"ಆಗುತ್ತೆ."

ಮೇಷ್ಟ್ರು ಚೌಕಟ್ಟಿಗೆ ಕುಟ್ಟಿದರು. ಮರ ಸರಿಯಾಗಿತ್ತು, ಆದರೆ ಮೂರು ಏಟೂ ಮೈದಾನದಲ್ಲಿ ಮಕ್ಕಳನ್ನು ಓಡಿಸುವ ಚುರುಕಿನಲ್ಲಿ ಬಿದ್ದವು.

"ಅಷ್ಟು ಅವಸರ ಬೇಡ. ಒಂದು ಹೊಡೀರಿ. ಮೊಳೆ ಸೊಟ್ಟ ಹೋಯ್ತಾ ಅಂತ ಬಗ್ಗಿ ನೋಡೋಷ್ಟು ಹೊತ್ತು ಬಿಡಿ. ಆಮೇಲೆ ಇನ್ನೊಂದು."

"ನಾನು ಯಾವತ್ತು ಮೊಳೆ ಹೊಡ್ದಿದ್ದೀನಿ? ಎಷ್ಟು ಹೊತ್ತು ಅದು, ಲೆಕ್ಕದಲ್ಲಿ ಹೇಳಿ."

"ಒಂದು ಉಸಿರು."

ಸೌಟು ಒಮ್ಮೆ ಬಿತ್ತು. ಸೋಫಾ ರಿಪೇರಿಯವನು ಉಸಿರು ಎಳೆದುಕೊಂಡು ಬಿಟ್ಟ. ಇನ್ನೊಮ್ಮೆ ಬಿತ್ತು. ಮತ್ತೆ ಬಿಟ್ಟ. ಮೂರನೆಯದು.

"ಕಿವಿ ಎತ್ತಿದ" ಎಂದರು ಮೇಷ್ಟ್ರು ಪಿಸುದನಿಯಲ್ಲಿ. "ಎದ್ದ. ಬರ್ತಿದ್ದಾನೆ."

"ತಟ್ಟೆ ಇಡಿ. ಇಟ್ಟು ದೂರ ಹೋಗಿ, ಅವನನ್ನೇ ನೋಡ್ತಾ ನಿಲ್ಲಬೇಡಿ."

ಫೋನನ್ನು ನೆಲದ ಮೇಲೆ ಇಟ್ಟಿರಬೇಕು. ಮೊದಲು ಸ್ಟೀಲ್ ತಟ್ಟೆ ನೆಲಕ್ಕೆ ತಾಗಿದ್ದು ಕೇಳಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಟ್ಟೆ ಚೂರು ಚೂರೇ ಸರಿಯತೊಡಗಿತು. ಹಸಿದ ಮೂತಿ ಅದನ್ನು ನೆಲದ ಮೇಲೆ ತಳ್ಳಿಕೊಂಡು ಹೋಗುವ ಸದ್ದು, ಕೊರಳ ಬಿಲ್ಲೆ ಅಂಚಿಗೆ ಬಡಿಯುವ ಸದ್ದು. ಇವನು ಮಗುಚಿದ ಕುರ್ಚಿಗೆ ಒರಗಿ ನೆಲದ ಮೇಲೆ ಕುಳಿತು, ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದ. ತಟ್ಟೆ ಗೋಡೆಗೆ ಹೋಗಿ ತಾಗಿ ನಿಂತಿತು. ನೆಕ್ಕುವ ಸದ್ದು ಬಹಳ ಹೊತ್ತು ಇತ್ತು. ಅದರ ನಡುವೆ ಎಲ್ಲೋ ದೂರದಲ್ಲಿ ಮೇಷ್ಟ್ರು ಮೂಗು ಸೀನಿಕೊಂಡರು.

ಮತ್ತೆ ಫೋನಿಗೆ ಬಂದವರ ದನಿಯಲ್ಲಿ ಹಳೆಯ ಗತ್ತು ಮರಳಿತ್ತು. "ಮುಗಿಸಿದ ಕಣ್ರೀ. ಇನ್ನೊಂದು ತಟ್ಟೆ ಕೊಡಬಹುದಾ?"

"ಒಂದೇ ಸಲ ಬೇಡ. ಸಂಜೆ ಕೊಡಿ. ಈಗ ನೀವು ತಿನ್ನಿ."

"ಸರಿ, ಹಾಗೇ ಮಾಡ್ತೀನಿ." ಸ್ವಲ್ಪ ಸಂಕೋಚದಿಂದ, "ಮತ್ತೆ, ಸಂಜೆ... ನಾವು ಬರೋದು ಬೇಡ ಅಲ್ವಾ?" ಎಂದರು.

"ಬೇಡ ಮೇಷ್ಟ್ರೇ. ಬರೋದು ಬೇಡ. ಸ್ವೆಟರ್ ತೊಳೀಬೇಡಿ."

ಮಧ್ಯಾಹ್ನ ಎರಡಕ್ಕೆ ಹೆಂಡತಿ ಬಂದಾಗ ಕುರ್ಚಿ ನೆಟ್ಟಗೆ ನಿಂತಿತ್ತು. ಅವನು ಅದಕ್ಕೆ ಹೊಸ ರೆಕ್ಸಿನ್ ಎಳೆದು ಅಂಚು ಮಡಿಸುತ್ತಿದ್ದ. ಬಾಯಲ್ಲಿ ಮೊಳೆಯಿರಲಿಲ್ಲ, ಪಕ್ಕದಲ್ಲಿ ಚಹಾದ ಲೋಟದ ಮುಚ್ಚಳದಲ್ಲಿದ್ದವು. ಅವಳು ಅದನ್ನೂ ಅವನನ್ನೂ ಒಂದೊಂದು ಸಲ ನೋಡಿದಳು.

"ಏನು, ಇವತ್ತು ಬಾಯಿಗೆ ರಜೆನಾ?"

"ಅವನು ತಿಂದ. ಕುಟ್ಟಿ ಕರೆಯೋದು ಚೀಟಿಲಿ ಬರೆದಿರಲಿಲ್ಲ ಕಣೇ. ಮರೆತೇಬಿಟ್ಟಿದ್ದೆ. ಮೇಷ್ಟ್ರಿಗೆ ಹೇಳಿಕೊಟ್ಟೆ."

"ಅಯ್ಯೋ ನಿಮ್ಮ! ಮೊಟ್ಟೆ ಹಳದಿ ನೆನಪಿರುತ್ತೆ, ಸುತ್ತಿಗೆ ನೆನಪಿರಲ್ಲ" ಎಂದು ನಗುತ್ತ ಚೀಲವನ್ನು ಗೂಟಕ್ಕೆ ಹಾಕಿದಳು. ಒಳಗೆ ಹೋಗುವಾಗ ಅವನ ಹೆಗಲ ಮೇಲೆ ಕೈ ಇಟ್ಟು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಾಗೆಯೇ ನಿಂತಳು. ಊಟಕ್ಕೆ ಕೂತಾಗ ಇಬ್ಬರೂ ಎರಡೆರಡು ಸಲ ಬಡಿಸಿಕೊಂಡರು.

ಕ್ಷೌರಿಕನ ಕುರ್ಚಿ ಅಂದೇ ಸಂಜೆ ಹೋಯಿತು. ಕೈ 'ಓಡದಿರುವುದು' ಈ ಸಲ ಆ ಫೋನಿನ ಹೊತ್ತಿಗೇ ಮುಗಿಯಿತು, ಅದು ಅವನಿಗೇ ಆಶ್ಚರ್ಯ. ಡಾಕ್ಟರಮ್ಮ ತಾನು ಬರೆಸಿಕೊಳ್ಳುವ ಚೀಟಿಯ ಕೊನೆಗೆ ಹೊಸದೊಂದು ಪ್ರಶ್ನೆ ಸೇರಿಸಿದಳು: ಊಟಕ್ಕೆ ಮೊದಲು ನೀವು ಯಾವುದಾದರೂ ಸದ್ದು ಮಾಡುತ್ತೀರಾ? ಬೇರೆ ಮನೆಗಳವರು ಅದನ್ನು ಓದಿ, ಇದೆಂಥ ಪ್ರಶ್ನೆ ಎಂದು ನಗುತ್ತಿದ್ದರಂತೆ. ಮೇಷ್ಟ್ರು ನಾಯಿಗೆ ಕ್ಯಾಪ್ಟನ್ ಎಂದು ಹೆಸರಿಟ್ಟರು. ನನ್ನ ಲೆಕ್ಕಕ್ಕೆ ಸರಿಯಾಗಿ ಊಟ ಮಾಡುವ ನಾಯಿ ಇಡೀ ಬೀದಿಯಲ್ಲಿ ಇದೊಂದೇ ಎಂದು ಬಂದವರ ಮುಂದೆ ಸೌಟು ಹಿಡಿದು ತೋರಿಸುತ್ತಾರೆಂದು ಸೊಸೆ ಫೋನಿನಲ್ಲಿ ಹೇಳಿ ನಕ್ಕಳು. ಚೌಕಟ್ಟಿನ ಬಣ್ಣ ಎದ್ದುಹೋಗಿದೆಯಂತೆ.

ತಿಂಗಳೊಳಗೆ ಹತ್ತನೆಯವಳು ಬಂದಳು. ಮುದುಕಿ, ದಪ್ಪಗೆ, ಹಲ್ಲು ಅರ್ಧ ಇಲ್ಲ. ಸುತ್ತಿಗೆಯ ಸದ್ದಿಗೆ ಗೊರಕೆ ಕೂಡ ನಿಲ್ಲಿಸುವವಳಲ್ಲ. "ಇವಳನ್ನ ಯಾರು ಕರ್ಕೊಂಡು ಹೋಗ್ತಾರೆ ರೀ, ಇವಳು ಇಲ್ಲೇ ಇರ್ತಾಳೆ ಅಂತ ಕಾಣುತ್ತೆ" ಎಂದು ಹೆಂಡತಿ ಹೇಳಿದಾಗ, ಅವನು "ಯಾರಾದ್ರೂ ಬರ್ತಾರೆ ಬಿಡು" ಎಂದ. ಆ ಮಾತಿನಲ್ಲಿ ನೋವಿರಲಿಲ್ಲ. ಬೆಳಗ್ಗೆ ಅಂಗಡಿ ತೆಗೆದು, ಅವಳನ್ನು ದಾಟಿಕೊಂಡು ಹೋಗಿ, ಕೆಲಸಕ್ಕೆ ಕೂರುತ್ತಿದ್ದ. ದಿನಗಳು ಹಗುರಾಗಿದ್ದವು.

ಆ ಮೂರು ದಿನದ ಕಥೆಯನ್ನು ಆಮೇಲೆ ಅವನು ಹಲವರಿಗೆ ಹೇಳಿದ. ಡಾಕ್ಟರಮ್ಮನಿಗೆ, ಕ್ಷೌರಿಕನಿಗೆ, ಸೋಫಾ ತಂದ ಗಿರಾಕಿಗಳಿಗೂ. ಫ್ರಿಜ್ಜಿನ ತಗಡು, ಪ್ಲೈವುಡ್ಡಿನ ಟೊಳ್ಳು ಎಲ್ಲ ಸೇರಿಸಿ, ಮೇಷ್ಟ್ರ ದನಿ ಅನುಕರಿಸಿ, ನಗಿಸುತ್ತಿದ್ದ. ನಾಯಿ ತಿನ್ನುತ್ತಿಲ್ಲ ಎಂಬ ಸುದ್ದಿ ಮೊದಲ ಸಲ ಬಂದ ಸಂಜೆ ತನಗೆ ಖುಷಿಯಾಗಿತ್ತು ಎಂಬುದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.